ಕಥೋಲಿಕ ಸ್ತುತಿಗೀತೆ ಬರೆದವರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಚರ್ಚುಗಳಲ್ಲಿ ಹಾಡುವ ಹುಡುಗ ಹುಡುಗಿಯರು ಆಗಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಕೂಡಿಸಿದ್ದೇನೆ. ನಮ್ಮ ಗಾಯನ ಮಂಡಳಿಗಳಲ್ಲಿ ರಾಗ ಎಲ್ಲರಿಗೂ ಬಾಯಿಪಾಠ. ಆದರೆ ಪದ ಬರೆದವರು ಯಾರು ಅಂದರೆ ಎಲ್ಲರೂ ಹಾರ್ಮೋನಿಯಂ ನುಡಿಸುವವರ ಮುಖ ನೋಡುತ್ತಾರೆ.

“ಕರುಣಾಳು ಬಾ ಬೆಳಕೆ” ಬಿ.ಎಂ.ಶ್ರೀ ಅವರದಲ್ವಾ? ಅದು ಚರ್ಚಿನ ಹಾಡು ಹೇಗಾಯಿತು?

ಕನ್ನಡದ ಹಾಡು ಬಿ.ಎಂ.ಶ್ರೀ ಅವರದೇ. ಮೂಲ ಇಂಗ್ಲಿಷ್ ಪದ ಮಾತ್ರ ಜಾನ್ ಹೆನ್ರಿ ನ್ಯೂಮನ್ (1801–1890) ಅನ್ನುವ ಪಾದ್ರಿಯದು. 1833ರಲ್ಲಿ ಅವರಿಗೆ 32 ವರ್ಷ. ಇಟಲಿ ನೋಡಲು ಹೋದವರು ಸಿಸಿಲಿಯಲ್ಲಿ ಜ್ವರ ಹಿಡಿದು ಮಲಗಿದರು. ಬದುಕುವುದೇ ಅನುಮಾನ ಅನ್ನುವ ಹಾಗಾಗಿತ್ತು. ಚೇತರಿಸಿಕೊಂಡ ಮೇಲೆ ಊರಿಗೆ ಹೋಗಬೇಕು ಅಂದರೆ ಹಡಗೇ ಇಲ್ಲ. ಪಾಲೆರ್ಮೊದಲ್ಲಿ ವಾರಗಟ್ಟಲೆ ಕಾದರು. ಕೊನೆಗೆ ಸಿಕ್ಕಿದ್ದು ಕಿತ್ತಳೆ ಹಣ್ಣು ಸಾಗಿಸುವ ಹಾಯಿ ದೋಣಿ. ಅದೂ ಗಾಳಿ ಇಲ್ಲದೆ ಕಾರ್ಸಿಕಾ ಮತ್ತು ಸಾರ್ಡೀನಿಯಾ ದ್ವೀಪಗಳ ನಡುವೆ ಒಂದು ವಾರ ನಿಂತುಬಿಟ್ಟಿತು. ಅಲ್ಲೇ ಈ ಪದ ಹುಟ್ಟಿತು. ದೂರದ ನೋಟ ಬೇಡ, ಒಂದು ಹೆಜ್ಜೆ ಕಂಡರೆ ಸಾಕು ಅನ್ನುವ ಭಾವ ಎಲ್ಲಿಂದ ಬಂತು ಅಂತ ಈಗ ಗೊತ್ತಾಗುತ್ತದೆ.

ಒಂದು ವಿಷಯ ನೆನಪಿಡಿ. ಬರೆಯುವಾಗ ನ್ಯೂಮನ್ ಕಥೋಲಿಕರಲ್ಲ, ಆಂಗ್ಲಿಕನ್ ಅಂದರೆ ಇಂಗ್ಲೆಂಡಿನ ಸಭೆಯ ಪಾದ್ರಿ. ಕಥೋಲಿಕ ಸಭೆ ಸೇರಿದ್ದು 1845ರಲ್ಲಿ. 1879ರಲ್ಲಿ ಕಾರ್ಡಿನಲ್ ಆದರು, 2019ರಲ್ಲಿ ಸಂತ ಪದವಿ ಬಂತು. ಹಾಗಾಗಿ ಇದನ್ನು “ಕಥೋಲಿಕ ಹಾಡು” ಅಂತ ಗಂಟು ಹಾಕುವುದು ಸ್ವಲ್ಪ ಜಾಸ್ತಿಯೇ ಆಯಿತು. ಗಾಂಧೀಜಿಗೂ ಇದು ಅಚ್ಚುಮೆಚ್ಚು. ನಮ್ಮಲ್ಲಿ ಶಾಲೆಯ ಪ್ರಾರ್ಥನೆಯಲ್ಲಿ ಎಲ್ಲ ಜಾತಿ ಧರ್ಮದ ಮಕ್ಕಳೂ ಹಾಡಿದ್ದಾರೆ.

ಇನ್ನೊಂದು ಸ್ವಾರಸ್ಯ. ಮುಪ್ಪಿನಲ್ಲಿ ಅವರಿಗೆ ಒಬ್ಬರು ಕಾಗದ ಬರೆದು, ಕೊನೆಯ ಸಾಲುಗಳ ಅರ್ಥ ಏನು ಅಂತ ಕೇಳಿದರಂತೆ. ಅಷ್ಟು ವರ್ಷದ ಹಿಂದಿನ ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನು ಕವಿ ನೆನಪಿಟ್ಟುಕೊಂಡಿರಬೇಕಾಗಿಲ್ಲ ಅಂತ ಉತ್ತರ ಕೊಟ್ಟರು. ಅರ್ಥ ಕೇಳಿ ಕಾಡುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನನಗಂತೂ ಸಿಕ್ಕಿಲ್ಲ.

ಎಲ್ಲರಿಗಿಂತ ಮೊದಲು ಬರೆದವರು ಯಾರು?

“ಇವರೇ ಮೊದಲಿಗರು” ಅಂತ ಒಬ್ಬರನ್ನು ತೋರಿಸಲು ಆಗುವುದಿಲ್ಲ. ಪೂರ್ವದಲ್ಲಿ ಸಂತ ಎಫ್ರೇಮ್ (ನಿಧನ 373) ಸಿರಿಯಾಕ್ ಭಾಷೆಯಲ್ಲಿ ನೂರಾರು ಹಾಡು ಬರೆದು ಹೆಣ್ಣುಮಕ್ಕಳ ಮೇಳಕ್ಕೆ ಕಲಿಸಿದರು. ಕೇರಳದ ಸಿರಿಯನ್ ಪೂಜಾವಿಧಿಯ ಬೇರು ಆ ಪರಂಪರೆಯಲ್ಲಿದೆ. ನಮ್ಮ ಕಡೆ ಆಸ್ಪತ್ರೆ, ಶಾಲೆಗಳಲ್ಲಿ ಕೆಲಸ ಮಾಡುವ ಮಲಯಾಳಿ ಸಿಸ್ಟರ್‌ಗಳನ್ನು ಕೇಳಿದರೆ ಇನ್ನೂ ಹೇಳುತ್ತಾರೆ.

ಪಶ್ಚಿಮದಲ್ಲಿ ಸಂತ ಆಂಬ್ರೋಸ್ ಹೆಸರು ದೊಡ್ಡದು. ಮಿಲಾನ್ ಊರಲ್ಲಿ ಇವರು ಮೊದಲು ರಾಜ್ಯಪಾಲರು. 374ರಲ್ಲಿ ಜನ ಹಿಡಿದು ಧರ್ಮಾಧ್ಯಕ್ಷರನ್ನಾಗಿ (ಬಿಷಪ್) ಮಾಡಿದಾಗ ಇವರಿಗೆ ಇನ್ನೂ ದೀಕ್ಷಾಸ್ನಾನವೇ ಆಗಿರಲಿಲ್ಲ! 386ರಲ್ಲಿ ಎಳೆಯ ಚಕ್ರವರ್ತಿಯ ತಾಯಿ ಜಸ್ಟಿನಾ, ಏರಿಯನ್ ಪಂಗಡದವರಿಗೆ (ಯೇಸು ತಂದೆ ದೇವರಿಗೆ ಸಮ ಅಲ್ಲ ಅನ್ನುವವರು) ಒಂದು ಚರ್ಚು ಬಿಟ್ಟುಕೊಡಿ ಅಂದಳು. ಆಂಬ್ರೋಸ್ ಒಪ್ಪಲಿಲ್ಲ. ಸೈನಿಕರು ಚರ್ಚು ಸುತ್ತುವರಿದರು. ಜನ ಒಳಗೇ ಕೂತರು. ಹಗಲು ರಾತ್ರಿ ಸುಮ್ನೆ ಕೂತರೆ ಜನರ ಧೈರ್ಯ ಕುಂದುತ್ತದೆ, ಅಲ್ವಾ? ಅದಕ್ಕೆ ಪೂರ್ವದ ಸಭೆಗಳ ಪದ್ಧತಿಯಂತೆ ಎಲ್ಲರೂ ಸೇರಿ ಹಾಡುವುದನ್ನು ಶುರು ಮಾಡಿಸಿದರು. ಆಗ ಅದೇ ಊರಲ್ಲಿದ್ದ ಅಗಸ್ಟೀನ್ ಇದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಅವರ ತಾಯಿ ಮೋನಿಕಾ ಕೂಡ ಆ ಜನರ ನಡುವೆ ಇದ್ದಳು. ಮರುವರ್ಷ ತಾಯಿ ತೀರಿಕೊಂಡಾಗ ಅಗಸ್ಟೀನರಿಗೆ ರಾತ್ರಿ ನೆನಪಾದದ್ದು ಆಂಬ್ರೋಸರದೇ ಒಂದು ಸಂಜೆಯ ಹಾಡು.

ಆಂಬ್ರೋಸರ ಕಟ್ಟು ಬಹಳ ಸರಳ. ಸಾಲಿಗೆ 8 ಅಕ್ಷರ, ನುಡಿಗೆ 4 ಸಾಲು, ಒಟ್ಟು 8 ನುಡಿ. ಓದು ಬಾರದವರೂ ಎರಡು ಸಲ ಕೇಳಿದರೆ ಹಿಡಿದುಕೊಳ್ಳಬಹುದು. ಮುಂದೆ ನೂರಾರು ವರ್ಷ ಲ್ಯಾಟಿನ್ ಹಾಡುಗಾರರು ಇದೇ ಅಚ್ಚಿನಲ್ಲಿ ಬರೆದರು.

ವಚನದಲ್ಲಿ ಅಂಕಿತ ಇರುತ್ತದೆ. ಚರ್ಚಿನ ಹಾಡಿನಲ್ಲಿ ಯಾಕಿಲ್ಲ?

ಈ ಪ್ರಶ್ನೆ ನಮ್ಮ ಕಡೆಯವರೇ ಕೇಳಬೇಕು. ಬೀದರ್ ಜಿಲ್ಲೆಯ ಬಸವಕಲ್ಯಾಣ ಅಂದರೆ ವಚನದ ನೆಲ. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ. ಕಲಬುರಗಿ ಕಡೆಯ ತತ್ವಪದಕ್ಕೂ ಅಂಕಿತ ಉಂಟು. ಏಕತಾರಿ ಹಿಡಿದವರು ಕೊನೆಯ ನುಡಿಗೆ ಬಂದಾಗ ಪದ ಯಾರದು ಅಂತ ಕೇಳುವವರಿಗೆ ತಾನಾಗಿ ತಿಳಿಯುತ್ತದೆ.

ಲ್ಯಾಟಿನ್ ಹಾಡುಗಳಿಗೆ ಈ ರೂಢಿ ಇಲ್ಲ. ಪೂಜೆಯ ಹಾಡು ಇಡೀ ಸಭೆಯ ಬಾಯಿಗೆ ಸೇರಿದ್ದು, ಅದರಲ್ಲಿ ಒಬ್ಬರ ಹೆಸರು ಯಾಕೆ ಅನ್ನುವ ಭಾವನೆ. ಒಳ್ಳೆ ಭಾವನೆಯೇ. ಆದರೆ ಇದರಿಂದ ಆದ ನಷ್ಟ ಸಣ್ಣದಲ್ಲ. “ತೆ ದೇವುಂ” ಅನ್ನುವ ಪ್ರಸಿದ್ಧ ಸ್ತೋತ್ರವನ್ನು ಆಂಬ್ರೋಸ್ ಮತ್ತು ಅಗಸ್ಟೀನ್ ಇಬ್ಬರೂ ಒಬ್ಬರಿಗೊಬ್ಬರು ಎದುರು ನಿಂತು ಕಟ್ಟಿದರು ಅಂತ ಶತಮಾನಗಟ್ಟಲೆ ಕಥೆ ಹೇಳಿದರು. ಪಂಡಿತರು ಈಗ ಅದನ್ನು ನಂಬುವುದಿಲ್ಲ. “ಸಾಲ್ವೆ ರೆಜಿನಾ” ಅನ್ನುವ ಮಾತೆ ಮರಿಯಮ್ಮನ ಹಾಡು ಹೆರ್ಮನ್ (1013–1054) ಅನ್ನುವ ಸನ್ಯಾಸಿಯದು ಅಂತ ಪ್ರತೀತಿ. ಇವರು ಚಿಕ್ಕಂದಿನಿಂದ ಕೈಕಾಲು ಸ್ವಾಧೀನ ಇಲ್ಲದವರು, ಮಾತೂ ತೊದಲು. ಆದರೂ ಗಣಿತ, ಖಗೋಳ, ಸಂಗೀತ ಎಲ್ಲದರಲ್ಲೂ ಪಂಡಿತರು. ಹಾಡು ಅವರದೇ ಅನ್ನುವುದಕ್ಕೆ ಮಾತ್ರ ಗಟ್ಟಿ ಪುರಾವೆ ಇಲ್ಲ.

ಅಂಕಿತ ಹಾಕಿದವರು ಯಾರೂ ಇಲ್ಲವೇ ಅಂದರೆ, ಇದ್ದಾರೆ! 6ನೇ ಶತಮಾನದ ರೋಮಾನೋಸ್. ಹುಟ್ಟಿದ್ದು ಸಿರಿಯಾದಲ್ಲಿ, ಹೆಸರು ಮಾಡಿದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಇವರ ಗ್ರೀಕ್ ಹಾಡುಗಳಲ್ಲಿ ಪ್ರತಿ ನುಡಿಯ ಮೊದಲ ಅಕ್ಷರ ಕೂಡಿಸಿ ಓದಿದರೆ “ದೀನ ರೋಮಾನೋಸನದು” ಅನ್ನುವ ಮಾತು ಬರುತ್ತದೆ. ಕಿವಿಗೆ ಕೇಳುವುದಿಲ್ಲ, ಬರೆದ ಹಾಳೆ ನೋಡಿದವರಿಗೆ ಮಾತ್ರ ಕಾಣುತ್ತದೆ. ನಾಚಿಕೆ ಸ್ವಭಾವದ ಅಂಕಿತ ಅನ್ನಬಹುದು. ಅವರಿಗೆ ಮೊದಲು ಕಂಠವೇ ಸರಿ ಇರಲಿಲ್ಲವಂತೆ. ಕ್ರಿಸ್ಮಸ್ ಹಿಂದಿನ ರಾತ್ರಿ ಕನಸಿನಲ್ಲಿ ಮಾತೆ ಮರಿಯಮ್ಮ ಒಂದು ಸುರುಳಿ ಕೊಟ್ಟು “ತಿನ್ನು” ಅಂದಳು, ಎದ್ದವರೇ ಗುಡಿಯಲ್ಲಿ ಹೊಸ ಹಾಡು ಹಾಡಿದರು ಅಂತ ಕಥೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅಂಕಿತದ ಅಕ್ಷರಗಳು ಮಾತ್ರ ಹಸ್ತಪ್ರತಿಯಲ್ಲಿ ಕಣ್ಣಿಗೆ ಕಾಣುವಂತಿವೆ.

ಪರಮಪ್ರಸಾದದ ಆರಾಧನೆಯಲ್ಲಿ ಹಿರಿಯರು “ತಾಂತುಮ್ ಎರ್ಗೊ” ಅಂತ ಹಾಡ್ತಾರಲ್ಲ, ಅದು ಯಾರದು?

ಸಂತ ಥಾಮಸ್ ಅಕ್ವಿನಾಸ್ (1225–1274). ಹೌದು, ಸೆಮಿನರಿಯಲ್ಲಿ ಓದುವವರ ತಲೆ ತಿನ್ನುವ ಅದೇ ತತ್ವಜ್ಞಾನಿ. ಇಷ್ಟು ಒಣ ತರ್ಕ ಬರೆದವರು ಹಾಡು ಬರೆದರು ಅಂದರೆ ಹಲವರು ನಂಬುವುದಿಲ್ಲ.

1264ರಲ್ಲಿ ಪೋಪ್ 4ನೇ ಅರ್ಬನ್ ಅವರು ಪರಮಪ್ರಸಾದದ (ಯೇಸುವಿನ ದೇಹ ಅಂತ ಪೂಜೆಯಲ್ಲಿ ಕೊಡುವ ರೊಟ್ಟಿ) ಹಬ್ಬವನ್ನು ಇಡೀ ಸಭೆಗೆ ಜಾರಿ ಮಾಡಿದರು. ಹೊಸ ಹಬ್ಬಕ್ಕೆ ಹೊಸ ಪ್ರಾರ್ಥನೆ, ಹೊಸ ಹಾಡು ಬೇಕಲ್ಲ? ಆ ಕೆಲಸ ಥಾಮಸರಿಗೆ ಬಂತು. ಅವರು ಬರೆದ “ಪಾಂಜೆ ಲಿಂಗ್ವಾ” ಹಾಡಿನ ಕೊನೆಯ ಎರಡು ನುಡಿಯೇ ಈ “ತಾಂತುಮ್ ಎರ್ಗೊ”. “ಓ ಸಲುತಾರಿಸ್”, “ಪಾನಿಸ್ ಆಂಜೆಲಿಕುಸ್” ಕೂಡ ಹೀಗೆಯೇ, ದೊಡ್ಡ ಹಾಡುಗಳ ಕೊನೆಯ ತುಣುಕುಗಳು. ಜನ ಬಾಲ ಹಿಡಿದುಕೊಂಡು ತಲೆ ಮರೆತುಬಿಟ್ಟರು.

“ಪಾಂಜೆ ಲಿಂಗ್ವಾ” ಅನ್ನುವ ಮೊದಲ ಪದಗಳನ್ನು ಥಾಮಸ್ ತೆಗೆದುಕೊಂಡದ್ದು ತಮಗಿಂತ ಏಳುನೂರು ವರ್ಷ ಹಿಂದಿನ ಕವಿಯಿಂದ. ಆತ ವೆನಾಂಶಿಯಸ್ ಫೊರ್ಚುನಾಟಸ್. ಊರೂರು ಸುತ್ತುತ್ತಾ, ದೊಡ್ಡವರ ಮನೆಯಲ್ಲಿ ಉಂಡು ಹೊಗಳಿ ಬರೆಯುತ್ತಿದ್ದ ಆಸ್ಥಾನ ಕವಿ. ಫ್ರಾನ್ಸಿನ ಪ್ವಾತಿಯೆ ಊರಲ್ಲಿ ರಾಣಿ ರಾಡೆಗುಂಡ್ ಅರಮನೆ ಬಿಟ್ಟು ಮಠ ಕಟ್ಟಿದ್ದಳು. 569ರಲ್ಲಿ ಆಕೆಗೆ ಚಕ್ರವರ್ತಿಯಿಂದ ಯೇಸುವಿನ ಶಿಲುಬೆಯ ತುಂಡು ಬಂತು. ಅದನ್ನು ಮೆರವಣಿಗೆಯಲ್ಲಿ ಬರಮಾಡಿಕೊಳ್ಳಲು ಆತ ಬರೆದ ಶಿಲುಬೆಯ ಹಾಡು ಇಂದಿಗೂ ಪವಿತ್ರ ವಾರದಲ್ಲಿ, ಅಂದರೆ ಈಸ್ಟರ್ ಹಿಂದಿನ ವಾರದಲ್ಲಿ, ನಡೆಯುತ್ತದೆ. ಮುಂದೆ ಅದೇ ಊರಿಗೆ ಧರ್ಮಾಧ್ಯಕ್ಷನೂ ಆದ.

ಒಂದು ದಂತಕಥೆ: ಪರಮಪ್ರಸಾದದ ಹಾಡು ಬರೆಯಲು ಪೋಪ್ ಅವರು ಅದೇ ಕಾಲದ ಇನ್ನೊಬ್ಬ ಪಂಡಿತ ಸಂತ ಬೊನವೆಂತೂರರಿಗೂ ಹೇಳಿದ್ದರಂತೆ. ಥಾಮಸರು ತಮ್ಮದನ್ನು ಓದುತ್ತಿದ್ದ ಹಾಗೆ ಬೊನವೆಂತೂರ ತಮ್ಮ ಹಾಳೆಯನ್ನು ಹರಿದು ಹಾಕಿದರಂತೆ. ಕವಿಗೋಷ್ಠಿಗೆ ಹೋಗಿ ಬಂದವರಿಗೆ ಈ ಕಥೆ ನಂಬುವುದು ಬಹಳ ಕಷ್ಟ.

ಹೆಣ್ಣುಮಕ್ಕಳು ಯಾರೂ ಬರೆದಿಲ್ವಾ?

ಬರೆದಿದ್ದಾರೆ. ಕಲ್ಯಾಣದಲ್ಲಿ ಅಕ್ಕಮಹಾದೇವಿ ಇದ್ದ 12ನೇ ಶತಮಾನದಲ್ಲೇ ಜರ್ಮನಿಯ ರೈನ್ ನದಿ ದಂಡೆಯಲ್ಲಿ ಹಿಲ್ಡೆಗಾರ್ಡ್ (1098–1179) ಅನ್ನುವ ಮಠದ ಮುಖ್ಯಸ್ಥೆ ಇದ್ದಳು. ಪದವೂ ಅವಳದೇ, ರಾಗವೂ ಅವಳದೇ. ಉಳಿದಿರುವ ಹಾಡುಗಳೇ ಎಪ್ಪತ್ತಕ್ಕೂ ಜಾಸ್ತಿ. ಗಿಡಮೂಲಿಕೆ, ವೈದ್ಯದ ಪುಸ್ತಕ ಬೇರೆ.

ಅವಳ ಕೊನೆಯ ಜಗಳ ಹಾಡಿನ ಮೇಲೆಯೇ ನಡೆಯಿತು. 1178ರಲ್ಲಿ ಮಠದ ಸ್ಮಶಾನದಲ್ಲಿ ಒಬ್ಬ ಶ್ರೀಮಂತನನ್ನು ಹೂಳಿದರು. ಅವನು ಒಮ್ಮೆ ಸಭೆಯಿಂದ ಬಹಿಷ್ಕಾರ ಆದವನು. ಸಾಯುವ ಮೊದಲು ಸಭೆಯೊಂದಿಗೆ ರಾಜಿ ಆಗಿತ್ತು ಅಂತ ಹಿಲ್ಡೆಗಾರ್ಡ್ ವಾದ. ಮೈನ್ಜ್ ಊರಿನ ಚರ್ಚಿನ ಅಧಿಕಾರಿಗಳು ಒಪ್ಪಲಿಲ್ಲ, ಹೆಣ ಹೊರಗೆ ತೆಗೆಯಿರಿ ಅಂದರು. ಈ ಎಂಬತ್ತರ ಅಜ್ಜಿ ಆಗುವುದಿಲ್ಲ ಅಂದಳು. ಶಿಕ್ಷೆ ಏನು ಗೊತ್ತಾ? ಮಠದಲ್ಲಿ ಹಾಡುವಂತಿಲ್ಲ. ಬಾಗಿಲು ಹಾಕಿಕೊಂಡು ಮೆಲ್ಲಗೆ ಪ್ರಾರ್ಥನೆ ಓದಬೇಕು, ಅಷ್ಟೇ. ಆಗ ಅವಳು ಬರೆದ ಕಾಗದ ಸಂಗೀತದ ಬಗ್ಗೆ ಅವಳು ಬರೆದ ಅತಿ ಗಟ್ಟಿ ಬರಹ. ದೇವರ ಸ್ತುತಿಯ ಬಾಯಿ ಕಟ್ಟುವವರು ಪರಲೋಕದಲ್ಲಿ ಆ ಹಾಡು ಕೇಳಲು ಸಿಗುವುದಿಲ್ಲ ಅನ್ನುವ ಅರ್ಥದಲ್ಲಿ ನೇರವಾಗಿ ಎಚ್ಚರಿಸಿದಳು. 1179ರಲ್ಲಿ ನಿಷೇಧ ತೆಗೆದರು. ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಳು. 2012ರಲ್ಲಿ ಸಭೆ ಅವಳನ್ನು “ಸಭೆಯ ಪಂಡಿತೆ” ಅಂತ ಘೋಷಿಸಿತು. ಅದಕ್ಕೆ 833 ವರ್ಷ ಹಿಡಿಯಿತು!

ಪೂರ್ವದಲ್ಲಿ 9ನೇ ಶತಮಾನದ ಕಾಸಿಯಾ ಇದ್ದಾಳೆ. ಯೇಸುವಿನ ಪಾದಕ್ಕೆ ತೈಲ ಹಚ್ಚಿದ ಹೆಂಗಸಿನ ಬಾಯಲ್ಲಿ ಅವಳು ಬರೆದ ಹಾಡನ್ನು ಗ್ರೀಕ್ ಸಭೆಗಳು ಪವಿತ್ರ ವಾರದಲ್ಲಿ ಇಂದಿಗೂ ಹಾಡುತ್ತವೆ.

ಜೈಲಲ್ಲಿ ಕೂತು ಬರೆದ ಹಾಡೂ ಇದೆಯಂತೆ?

ಗರಿಗಳ ಭಾನುವಾರದ “ಗ್ಲೋರಿಯಾ ಲಾವ್ಸ್” ಹಾಡು ಓರ್ಲೆಯಾನ್ ಊರಿನ ಧರ್ಮಾಧ್ಯಕ್ಷ ಥಿಯೊಡುಲ್ಫ್ ಅವರದು. ರಾಜದ್ರೋಹದ ಆರೋಪದ ಮೇಲೆ ಚಕ್ರವರ್ತಿ ಲೂಯಿ 818ರಲ್ಲಿ ಇವರನ್ನು ಸೆರೆಗೆ ಹಾಕಿಸಿದ್ದ. ಮೆರವಣಿಗೆ ಕಿಟಕಿ ಕೆಳಗೆ ಬಂದಾಗ ಇವರು ಒಳಗಿಂದ ಹಾಡಿದರು, ಚಕ್ರವರ್ತಿ ಕರಗಿ ಬಿಡಿಸಿದ ಅನ್ನುವುದು ಆಮೇಲೆ ಕಟ್ಟಿದ ಕಥೆ.

ಶಿಲುಬೆ ಹಾದಿಯಲ್ಲಿ ಒಂದು ಸ್ಥಳದಿಂದ ಇನ್ನೊಂದಕ್ಕೆ ನಡೆಯುವಾಗ ಹಾಡುವ ವ್ಯಾಕುಲ ಮಾತೆಯ ಹಾಡಿನ ಲ್ಯಾಟಿನ್ ಮೂಲ “ಸ್ತಾಬಾತ್ ಮಾತೆರ್”. ಅದನ್ನು ಯಾಕೊಪೋನೆ ದಾ ತೋದಿ (ನಿಧನ 1306) ಬರೆದದ್ದು ಅಂತ ಬಹಳ ಜನ ಹೇಳುತ್ತಾರೆ. ಇವರು ಸೆರೆಮನೆ ಕಂಡದ್ದು ಮಾತ್ರ ಖಂಡಿತ. ಮೊದಲು ವಕೀಲಿ ಮಾಡುತ್ತಿದ್ದವರು. ಒಂದು ಸಮಾರಂಭದಲ್ಲಿ ಅಟ್ಟಣೆ ಕುಸಿದು ಹೆಂಡತಿ ಸತ್ತಳು, ಅವಳು ಒಳಗೆ ತಪಸ್ಸಿನ ಒರಟು ಬಟ್ಟೆ ತೊಟ್ಟಿದ್ದನ್ನು ನೋಡಿ ಇವರು ಎಲ್ಲ ಬಿಟ್ಟು ಹೊರಟರು ಅಂತ ಹೇಳುತ್ತಾರೆ. ಫ್ರಾನ್ಸಿಸ್ಕನ್ ಸನ್ಯಾಸಿಗಳ ಸಭೆ ಸೇರಿ ಆಡುಮಾತಿನಲ್ಲೇ ಪದ ಕಟ್ಟಿದರು. ಪೋಪ್ 8ನೇ ಬೋನಿಫಾಸ್ ಅವರನ್ನು ಎದುರು ಹಾಕಿಕೊಂಡು 1298ರಿಂದ 1303ರ ತನಕ ನೆಲಮಾಳಿಗೆಯ ಸೆರೆಯಲ್ಲಿದ್ದರು. ಅಲ್ಲಿಂದಲೂ ಪೋಪ್ ವಿರುದ್ಧ ಪದ ಬರೆದರು. ನಮ್ಮ ಕಡೆ ತತ್ವಪದ ಹಾಡುವವರಿಗೆ ಈ ಮನುಷ್ಯ ಬಹಳ ಹಿಡಿಸುತ್ತಾನೆ.

ಕ್ರಿಸ್ಮಸ್ ರಾತ್ರಿಯ “ಸೈಲೆಂಟ್ ನೈಟ್” ಕಥೆ ನಿಜಾನಾ? ಇಲಿ ಆರ್ಗನ್ ಕಡಿದಿದ್ದು?

ಇಲಿ ಕಡಿದು ಆರ್ಗನ್ ಕೆಟ್ಟಿತ್ತು, ಅದಕ್ಕೇ ಗಿಟಾರ್ ಹಿಡಿದರು ಅನ್ನುವ ಕಥೆಗೆ ಆಧಾರ ಇಲ್ಲ. ನಿಜವಾದದ್ದು ಇಷ್ಟು. ಆಸ್ಟ್ರಿಯಾದ ಜೋಸೆಫ್ ಮೋರ್ (1792–1848) ಬಡ ಹೆಂಗಸಿನ ಮಗ, ತಂದೆ ಬಿಟ್ಟುಹೋದ ಸಿಪಾಯಿ. ಓದಿ ಪಾದ್ರಿಯಾದರು. ಪದ ಬರೆದದ್ದು 1816ರಲ್ಲಿ. 1818ರ ಡಿಸೆಂಬರ್ 24ರಂದು ಓಬರ್ನ್‌ಡಾರ್ಫ್ ಚರ್ಚಿನಲ್ಲಿ ಹಾಡಲು ಶಾಲೆಯ ಮೇಷ್ಟ್ರು ಫ್ರಾಂಜ್ ಗ್ರೂಬರ್ ರಾಗ ಹಾಕಿದರು. ಮೋರ್ ಗಿಟಾರ್ ನುಡಿಸಿದರು, ಇಬ್ಬರೂ ಹಾಡಿದರು.

ಹಾಡು ದೇಶ ದೇಶ ದಾಟಿತು. ಹೆಸರು ದಾಟಲಿಲ್ಲ. ಹೈಡನ್ ಬರೆದರು, ಮೊಜಾರ್ಟ್ ಬರೆದರು ಅಂತೆಲ್ಲ ಜನ ಅಂದುಕೊಂಡರು. 1854ರಲ್ಲಿ ಬರ್ಲಿನ್‌ನಿಂದ ವಿಚಾರಣೆ ಬಂದಾಗ ಗ್ರೂಬರ್ ನಡೆದದ್ದನ್ನು ಬರೆದುಕೊಟ್ಟರು. ಅಷ್ಟರಲ್ಲಿ ಮೋರ್ ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡು ಆರು ವರ್ಷ ಆಗಿತ್ತು. ಅವರದೇ ಕೈಬರಹದ ಪ್ರತಿ ಸಿಕ್ಕಿದ್ದು 1995ರಲ್ಲಿ. ಅದರಲ್ಲಿ ಪದ ಮೋರ್ ಅವರದು, 1816 ಅಂತ ಬರೆದಿದೆ.

ನಮ್ಮ ದೇಶದಲ್ಲಿ ಬರೆದವರು?

ಇದಕ್ಕೆ ಬೇರೆ ಪುಟವೇ ಬೇಕು. ನಮ್ಮ ಮೂರು ಜಿಲ್ಲೆಗೆ ಹತ್ತಿರ ಅನ್ನಿಸುವವರನ್ನಷ್ಟೇ ಹೇಳುತ್ತೇನೆ.

ಬೀದರ್ ಕಡೆ, ಅದರಲ್ಲೂ ಮರಾಠಿ ಮಾತಾಡುವ ಗಡಿ ಊರುಗಳಲ್ಲಿ ಓವಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಬೀಸುವಾಗ ಹೆಂಗಸರು ಹಾಡುವುದು ಓವಿ, ಜ್ಞಾನೇಶ್ವರರು ಬರೆದದ್ದು ಓವಿ. ಇಂಗ್ಲೆಂಡಿನಿಂದ 1579ರಲ್ಲಿ ಗೋವಾಕ್ಕೆ ಬಂದಿಳಿದ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಅದೇ ಓವಿಯಲ್ಲಿ ಯೇಸುವಿನ ಕಥೆ ಬರೆದರು. ಅದೇ “ಕ್ರಿಸ್ತ ಪುರಾಣ”. ಸುಮಾರು 11,000 ಓವಿಗಳು, ಮೊದಲ ಮುದ್ರಣ 1616ರಲ್ಲಿ ಗೋವಾದ ರಾಯ್ತೂರಿನಲ್ಲಿ. ಆ ಕಾಲದ ಅಚ್ಚಿನ ಒಂದು ಪ್ರತಿಯೂ ಉಳಿದಿಲ್ಲ. ಜನ ಕೈಯಲ್ಲಿ ನಕಲು ಮಾಡಿ, ತಪಸ್ಸು ಕಾಲದಲ್ಲಿ ಹಾಡಿ ಉಳಿಸಿದರು. 1907ರಲ್ಲಿ ಮತ್ತೆ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ.

ಕೇರಳದಲ್ಲಿ ಅರ್ನೋಸ್ ಪಾದ್ರಿ (1681–1732). ಜರ್ಮನಿಯವರು, ಹೆಸರು ಹ್ಯಾಂಕ್ಸ್‌ಲೇಡನ್. ಅವರ “ಪುತ್ತನ್ ಪಾನ” ಪವಿತ್ರ ವಾರದಲ್ಲಿ ಮನೆಮನೆಯಲ್ಲಿ ಹಾಡುತ್ತಾರೆ. ಹಾವು ಕಚ್ಚಿ ತೀರಿಕೊಂಡರು. ಹತ್ತಿರದ ಕಾಲಕ್ಕೆ ಬಂದರೆ ಫಾದರ್ ಏಬಲ್ (1920–2001). ಮಲಯಾಳಂ ಚರ್ಚು ಹಾಡಿನ ದೊಡ್ಡ ಹೆಸರು, ಕೊಚ್ಚಿಯ ಕಲಾಭವನ ಕಟ್ಟಿದವರು. ತಮಿಳಿನಲ್ಲಿ ಇಟಲಿಯ ಬೆಸ್ಕಿ, ಅಂದರೆ ವೀರಮಾಮುನಿವರ್.

“ವಂದೇ ಸಚ್ಚಿದಾನಂದಂ” ಸಂಸ್ಕೃತದಲ್ಲಿದೆ, 1898ರದು. ತ್ರೈಏಕ ದೇವರನ್ನು ಸತ್, ಚಿತ್, ಆನಂದ ಅಂತ ಹಾಡುವ ಸ್ತೋತ್ರ. ಬರೆದವರು ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯ (1861–1907). ಕಾವಿ ತೊಟ್ಟ ಕಥೋಲಿಕರು, ಟಾಗೋರರ ಗೆಳೆಯರು. ಸ್ವದೇಶಿ ಪತ್ರಿಕೆ ನಡೆಸಿ ರಾಜದ್ರೋಹದ ಮೊಕದ್ದಮೆ ಎದುರಿಸುತ್ತಿರುವಾಗಲೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಂಥವರ ಹೆಸರು ನಮ್ಮ ಹಾಡಿನ ಹಾಳೆಯಲ್ಲಿ ಇಲ್ಲ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

“ಅಬೈಡ್ ವಿತ್ ಮೀ”, “ಅಮೇಜಿಂಗ್ ಗ್ರೇಸ್” ಕಥೋಲಿಕರದಾ?

ಅಲ್ಲ. ಮೊದಲನೆಯದು ಹೆನ್ರಿ ಲೈಟ್, ಎರಡನೆಯದು ಜಾನ್ ನ್ಯೂಟನ್. ಇಬ್ಬರೂ ಆಂಗ್ಲಿಕನ್ ಪಾದ್ರಿಗಳು. ಬೀದರ್‌ನಲ್ಲಿ ಮೆಥೊಡಿಸ್ಟ್ ಸಭೆ ದೊಡ್ಡದು. ಅಲ್ಲಿನ ಗೆಳೆಯರು ಚಾರ್ಲ್ಸ್ ವೆಸ್ಲಿಯವರ ಆರು ಸಾವಿರಕ್ಕೂ ಜಾಸ್ತಿ ಹಾಡಿನ ಲೆಕ್ಕ ಹೇಳಿದರೆ ನಾವು ಸುಮ್ಮನೆ ಒಪ್ಪಿಕೊಳ್ಳಬೇಕು. ನಾರಾಯಣ ವಾಮನ ತಿಲಕರ ಮರಾಠಿ ಅಭಂಗಗಳೂ ಪ್ರಾಟೆಸ್ಟಂಟ್ ಕಡೆಯವು. ಹಾಡಲು ಅಡ್ಡಿ ಇಲ್ಲ, ಹೆಸರು ಸರಿಯಾಗಿ ಹೇಳಿ.

ಪೂಜೆಯಲ್ಲಿ ಕನ್ನಡ ಹಾಡು ಯಾವಾಗಿನಿಂದ?

2ನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪೂಜಾವಿಧಿಯ ಕುರಿತ ತೀರ್ಮಾನ ಹೊರಡಿಸಿತು. ಜನರ ಭಾಷೆಗೆ, ಊರಿನ ಸಂಗೀತಕ್ಕೆ ಬಾಗಿಲು ತೆರೆದದ್ದು ಅದರಿಂದ. ಅದಕ್ಕೂ ಮೊದಲು ಜಪ, ಮೆರವಣಿಗೆ, ಹಬ್ಬಗಳಲ್ಲಿ ಊರ ಭಾಷೆ ಇತ್ತು, ಪೂಜೆ ಮಾತ್ರ ಲ್ಯಾಟಿನ್. ನಮ್ಮ ಕಡೆ ಇನ್ನೊಂದು ಸಂಗತಿ ಇದೆ. 2005ರಲ್ಲಿ ಕಲಬುರಗಿ ಧರ್ಮಪ್ರಾಂತ್ಯ ಆಗುವ ತನಕ ಇಲ್ಲಿನ ಸಭೆ ಹೈದರಾಬಾದ್ ಆಡಳಿತಕ್ಕೆ ಸೇರಿತ್ತು. ಹಿರಿಯರ ಬಾಯಲ್ಲಿ ತೆಲುಗು ಹಾಡು ಬಂದರೆ ಆಶ್ಚರ್ಯ ಬೇಡ.

ಹಾಡನ್ನು ಯೂಟ್ಯೂಬ್‌ಗೆ ಹಾಕಬಹುದಾ?

ಪೂಜೆಯಲ್ಲಿ ಹಾಡುವುದಕ್ಕೆ ಭಾರತದ ಕಾಪಿರೈಟ್ ಕಾಯ್ದೆಯಲ್ಲೇ ವಿನಾಯಿತಿ ಇದೆ. ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ಹಾಕುವುದು, ಪುಸ್ತಕ ಅಚ್ಚು ಹಾಕುವುದು ಬೇರೆ ಮಾತು. ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ನ್ಯೂಮನ್, ಮೋರ್ ಅವಧಿ ಎಂದೋ ಮುಗಿದಿದೆ. ಬಿ.ಎಂ.ಶ್ರೀ 1946ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಪದಕ್ಕೂ ಅಡ್ಡಿ ಇಲ್ಲ. ಏಬಲ್ ಅವರದಕ್ಕೆ 2061ರ ತನಕ ಹಕ್ಕು ಇದೆ. ಅನುವಾದಕ್ಕೂ ರಾಗಕ್ಕೂ ಬೇರೆ ಬೇರೆ ಹಕ್ಕು ಅನ್ನುವುದನ್ನು ಮರೆಯಬೇಡಿ. ಎಷ್ಟೋ ಜನ ಎಡವುವುದು ಇಲ್ಲೇ.

ಹಾಡಿನ ಹಾಳೆಯಲ್ಲಿ ಹೆಸರು ಹೇಗೆ ಹಾಕಬೇಕು?

ಕೆಳಗೆ ಒಂದೇ ಸಾಲು ಸಾಕು. “ಪದ: ಜೋಸೆಫ್ ಮೋರ್, 1816. ರಾಗ: ಫ್ರಾಂಜ್ ಗ್ರೂಬರ್, 1818.” ಅದರ ಮುಂದೆ ಕನ್ನಡಕ್ಕೆ ತಂದವರ ಹೆಸರು. ಖಾತ್ರಿ ಇಲ್ಲದಿದ್ದರೆ “ಯಾಕೊಪೋನೆ ದಾ ತೋದಿ ಅವರದೆಂದು ಪ್ರತೀತಿ” ಅಂತ ಹಾಕಿ. ದೊಡ್ಡವರ ಹೆಸರು ಚಂದ ಕಾಣುತ್ತದೆ ಅಂತ ಯಾವುದಕ್ಕೂ ಸಂತರ ಹೆಸರು ಅಂಟಿಸಬೇಡಿ. ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರಲ್ಲಿ ಓಡಾಡುವ ಶಾಂತಿಯ ಪ್ರಾರ್ಥನೆ 1912ಕ್ಕೆ ಮೊದಲು ಎಲ್ಲೂ ಅಚ್ಚಾಗಿ ಸಿಕ್ಕಿಲ್ಲ. ಸಂತರು ಸತ್ತದ್ದು 1226ರಲ್ಲಿ.

ನಿಮ್ಮದೇ ಚರ್ಚಿನ ಉಪದೇಶಿ, ಸಿಸ್ಟರ್, ಮೇಷ್ಟ್ರು ಬರೆದ ಹಾಡಿದ್ದರೆ ಅವರು ಇರುವಾಗಲೇ ಹೋಗಿ ಕೇಳಿ. ಹೆಸರು, ಊರು, ವರ್ಷ, ಯಾವ ಹಬ್ಬಕ್ಕೆ ಕಟ್ಟಿದ್ದು ಅಂತ ಬರೆದುಕೊಳ್ಳಿ. ಹೆಸರು ಬೇಡ ಅಂದರೆ ಒತ್ತಾಯ ಮಾಡಬೇಡಿ, ಊರು ಮತ್ತು ವರ್ಷವನ್ನಾದರೂ ಹಾಳೆಯಲ್ಲಿ ಹಾಕಿ.